ಅಡ್ಮಿರಲ್ ಸಾಹೇಬರು ಕಾರು ಕಲಿತದ್ದು

ನೋಯ್ಡಾದ ಒಂದು ಅಪಾರ್ಟ್‌ಮೆಂಟ್ ಸೊಸೈಟಿಯ ಏಳನೇ ಮಹಡಿಯಲ್ಲಿ ಚಂದ್ರಮೋಹನ ಅಂತ ಒಬ್ಬ ನಿವೃತ್ತ ರಿಯರ್ ಅಡ್ಮಿರಲ್ ಇದ್ದಾರೆ. ಗದಗಿನ ರೈಲ್ವೆ ಗಾರ್ಡೊಬ್ಬರ ಮಗ. ಹದಿನೇಳು ತುಂಬುವ ತನಕ ಸಮುದ್ರ ಕಂಡವರಲ್ಲ, ಕಂಡ ಮೇಲೆ ಬಿಟ್ಟವರಲ್ಲ. ನೌಕಾಪಡೆ ಸೇರಿ ವಿಮಾನ ಹಾರಿಸಲು ಕಲಿತರು. ನಡುಗಡಲಲ್ಲಿ ತೂಗಾಡುವ ಹಡಗಿನಿಂದ ಏರುವುದು, ಮತ್ತೆ ಅದರ ಮೇಲೇ ಬಂದು ಇಳಿಯುವುದು ಅವರ ಕಸುಬಾಯಿತು. ಒಮ್ಮೆ ಎಂಜಿನ್ನಿನ ಎಣ್ಣೆ ಸೋರಿ ಮುಂದಿನ ಗಾಜೆಲ್ಲ ಕಪ್ಪಾಯಿತು. ಏನೇನೂ ಕಾಣದು. ಹಡಗಿನ ಮೇಲೆ ನಿಂತಿದ್ದ ಕಿರಿಯ ಅಧಿಕಾರಿಯೊಬ್ಬ ರೇಡಿಯೊದಲ್ಲಿ ಎಡ ಎಂದರೆ ಎಡಕ್ಕೆ, ಬಲ ಎಂದರೆ ಬಲಕ್ಕೆ ತಿರುಗಿಸಿ, ಇಳಿಸಿ ಎಂದಾಗ ಇಳಿಸಿಯೇಬಿಟ್ಟರು. ಹಿಂದೆ ಕೂತಿದ್ದ ಇಬ್ಬರೂ ಉಳಿದರು. ಎದೆಗೆ ಪದಕ ಬಂತು. ವರ್ಷ ಕಳೆದಂತೆ ಅಡ್ಮಿರಲ್ ಪದವಿ, ದಿಲ್ಲಿಯ ವಾಸ, ಎಲ್ಲ ಬಂತು.

ಬಾರದೆ ಉಳಿದದ್ದು ಒಂದೇ. ಕಾರು ಓಡಿಸುವುದು.

ಕಲಿಯುವ ಪ್ರಮೇಯವೇ ಬಂದಿರಲಿಲ್ಲ. ಚಿಕ್ಕವರಿದ್ದಾಗ ಪಡೆಯ ಜೀಪು, ದೊಡ್ಡವರಾದಾಗ ಚಾಲಕನ ಸಮೇತ ಕಾರು. ಉಳಿದ ಹೊತ್ತಿಗೆ ಹೆಂಡತಿ ಪದ್ಮಾ ಇದ್ದರಲ್ಲ! ಗೋವಾ, ಕೊಚ್ಚಿ, ವಿಶಾಖಪಟ್ಟಣ, ವರ್ಗವಾದಲ್ಲೆಲ್ಲ ಮನೆಯ ಕಾರು ಓಡಿಸಿದವರು ಅವರೇ. ನೋಯ್ಡಾಕ್ಕೆ ಬಂದ ಮೇಲೂ ಅಷ್ಟೇ. ಮನಸ್ಸು ಬಂದರೆ ಅಕ್ಕನ ಮನೆ, ಮನಸ್ಸು ಬಂದರೆ ಚಾಣಕ್ಯಪುರಿಯ ಕರ್ನಾಟಕ ಭವನದ ಇಡ್ಲಿ.

ಹೋದ ಚಳಿಗಾಲದಲ್ಲಿ ಕಣ್ಣಿನ ಡಾಕ್ಟರು ಪದ್ಮಾ ಅವರಿಗೆ ಇನ್ನು ಗಾಡಿ ಓಡಿಸಕೂಡದು ಎಂದುಬಿಟ್ಟರು. ಪುಣೆಯಿಂದ ಮಗ ರಾಘವ ಫೋನ್ ಮಾಡಿ, "ಅಮ್ಮಾ, ಕಾರ್ ಮಾರ್‌ಬಿಡು. ಕ್ಯಾಬ್ ಇದೆಯಲ್ಲ" ಎಂದ. ಪದ್ಮಾ ಹೂಂಗುಟ್ಟಿದರು. ಆಮೇಲೆ ಎಲ್ಲಿಗೂ ಹೊರಡಲೇ ಇಲ್ಲ.

"ಕ್ಯಾಬ್ ಕರೀಲೇನೇ?" ಎಂದರು ಚಂದ್ರಮೋಹನ.

"ಬೇಡಿ. ಆ ಭಯ್ಯಾಗೆ ಯಾವ ಗೇಟು ಅಂತ ಹೇಳೋಷ್ಟರಲ್ಲಿ ಹೋಗೋ ಉತ್ಸಾಹಾನೇ ಇಳಿದುಹೋಗುತ್ತೆ. ಅನ್ನಿಸಿದ ಕೂಡ್ಲೇ ಹೊರಟುಬಿಡೋದಿತ್ತಲ್ಲ ರೀ, ಅದು ಮುಗೀತು."

ಆ ಮಾತು ಸಾಹೇಬರಿಗೆ ಚುಚ್ಚಿತು. "ಕಾರು ಮಾರೋದು ಬೇಡ. ನಾನು ಕಲೀತೀನಿ."

"ಈ ವಯಸ್ಸಲ್ಲಿ?"

"ಹಡಗಿನ ಮೇಲೆ ವಿಮಾನ ಇಳಿಸಿದೋನಿಗೆ ಇದೇನು ಮಹಾ!"

"ಅಚ್ಛಾ! ಪರೀಕ್ಷೆ ಪಾಸಾದ್ರೆ ಕಾರು ಇರುತ್ತೆ. ಇಲ್ದಿದ್ರೆ ಮಾರಾಟ."

ಡ್ರೈವಿಂಗ್ ಸ್ಕೂಲಿನ ಮನೋಜ್ ಬಂದ. ಸೊಸೈಟಿಯ ಹಿಂದಿನ ಖಾಲಿ ಜಾಗದಲ್ಲಿ ಕಾರು ನೆಟ್ಟಗೆ ಸೊಗಸಾಗಿ ಹೋಯಿತು. ಬಲಕ್ಕೆ ತಿರುಗಿಸಿ ಎಂದದ್ದೇ ತಡ, ಕಾರು ಹುಚ್ಚೆದ್ದು ಹಾರಿ ಬೇಲಿಗಿಡದೊಳಗೆ ಮೂಗು ತೂರಿಸಿತು. ಎಡಕ್ಕೆ ಎಂದರೆ ಜೀವ ಹೋದ ಹಾಗೆ ತೆವಳಿತು. ಮರುದಿನವೂ ಅದೇ ಕಥೆ. "ಸರ್, ಐಸಾ ತೋ ಮೈನೇ ಕಭೀ ನಹೀಂ ದೇಖಾ" ಎಂದು, ಇಂಥದ್ದನ್ನು ಎಂದೂ ಕಾಣದ ಮನೋಜ್ ತಲೆ ಕೆರೆದುಕೊಂಡ.

ಸಂಜೆ ಚಹಾ ಕುಡಿಯುತ್ತ ಸಾಹೇಬರಿಗೆ ಥಟ್ಟನೆ ಹೊಳೆಯಿತು. ವಿಮಾನ ನೆಲದ ಮೇಲೆ ಓಡುವಾಗ ಅದನ್ನು ತಿರುಗಿಸುವುದು ಕೈಯಲ್ಲ, ಕಾಲು. ಬಲಕ್ಕೆ ಹೋಗಬೇಕಾದರೆ ಬಲಗಾಲು ಒತ್ತಬೇಕು, ಎಡಕ್ಕಾದರೆ ಎಡಗಾಲು. ಕಾರಿನಲ್ಲಿ ಬಲಗಾಲ ಕೆಳಗೆ ಕೂತಿರುವುದು ಆಕ್ಸಿಲರೇಟರು, ಎಡಗಾಲ ಕೆಳಗೆ ಕ್ಲಚ್ಚು!

ಪದ್ಮಾ ನಕ್ಕು ನಕ್ಕು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. "ನೀವು ರಿಟೈರ್ ಆದ್ರಿ, ನಿಮ್ಮ ಕಾಲು ಇನ್ನೂ ಆಗಿಲ್ಲ!"

"ಏನು ಮಾಡ್ಲಿ ಹೇಳು."

"ಆ ಮನೋಜ್ ನಿಮ್ಮನ್ನ ಕಂಡ್ರೆ ಹೆದರ್ತಾನೆ. ಅವನು ಪಕ್ಕದಲ್ಲಿ ಕೂತ್ಕೊಳ್ಳಲಿ, ನಾನು ಹಿಂದಿನ ಸೀಟಿಂದ ಬಯ್ತೀನಿ. ಹೇಳಿದಷ್ಟೇ ಮಾಡ್ಬೇಕು, ಅಡ್ಮಿರಲ್‌ಗಿರಿ ಬೇಡ."

ಸಾಹೇಬರು ಬೇಸರಪಟ್ಟುಕೊಳ್ಳಲಿಲ್ಲ. ಇಳಿಯುವ ಹೊತ್ತಿಗೆ ಹಡಗಿನ ಮೇಲೆ ನಿಂತವನ ಮಾತೇ ಮಾತು, ಅಲ್ಲಿ ಪದವಿ ನೋಡುವವರಿಲ್ಲ ಎಂಬುದನ್ನು ಅವರು ಎಂದೋ ಕಲಿತಿದ್ದರು. ಎದ್ದು ನಿಂತು ಹೆಂಡತಿಗೊಂದು ಸೆಲ್ಯೂಟ್ ಹೊಡೆದರು.

ಅಂದಿನಿಂದ ತಿರುವು ಬಂದಾಗಲೆಲ್ಲ ಹಿಂದಿನ ಸೀಟಿನಿಂದ ಒಂದೇ ಕೂಗು. "ಕೈ ರೀ, ಕೈ! ಕಾಲಲ್ಲ!" ಬಾಲ್ಕನಿಯಲ್ಲಿ ನಿಂತ ಮಕ್ಕಳು ಅರ್ಥ ತಿಳಿಯದೆಯೇ ಅದನ್ನು ಕಲಿತುಬಿಟ್ಟವು. ಬೇಲಿಗಿಡ ಮತ್ತೆ ಚಿಗುರಿತು.

ಪರೀಕ್ಷೆಯ ದಿನ ಆರ್‌ಟಿಒದವರು ಪದ್ಮಾ ಅವರನ್ನು ಹೊರಗೇ ನಿಲ್ಲಿಸಿದರು. ಕಾರಿನಲ್ಲಿ ಸಾಹೇಬರ ಪಕ್ಕ ಕೂತದ್ದು ಅಮಿತಾ ಎಂಬ ಎಳೆ ವಯಸ್ಸಿನ ಇನ್‌ಸ್ಪೆಕ್ಟರ್. ಮೊದಲ ಬಲ ತಿರುವು ಬಂತು. ಸಾಹೇಬರ ಬಲಗಾಲು ಬಿಗಿಯಿತು. ಬೆನ್ನ ಹಿಂದೆ ಸದ್ದಿಲ್ಲ, ಸೀಟು ಖಾಲಿ. ಎಣ್ಣೆ ಮೆತ್ತಿದ ಗಾಜಿನ ಹಿಂದೆ ಕೂತಾಗಲೂ ಇಷ್ಟು ಬೆವರಿರಲಿಲ್ಲ. ಬೇರೆ ದಾರಿ ಕಾಣದೆ, ಹೆಂಡತಿಯದೇ ಗತ್ತಿನಲ್ಲಿ ತಾವೇ ಗದರಿಕೊಂಡರು: "ಕೈ ರೀ, ಕೈ! ಕಾಲಲ್ಲ!"

ಯಾರೊಂದಿಗೆ ಈ ಮಾತು ಎಂದು ಅಮಿತಾ ಬೆಚ್ಚಿದಳು. "ಸರ್, ಕಿಸ್ ಸೇ ಬಾತ್ ಕರ್ ರಹೇ ಹೈಂ?"

"ಕಮಾಂಡಿಂಗ್ ಆಫೀಸರ್ ಕಾ ಆರ್ಡರ್ ಹೈ, ಬೇಟಾ" ಎಂದರು ಸಾಹೇಬರು, ಕಣ್ಣು ರಸ್ತೆಯಿಂದ ಕೀಳದೆ. ಕಾರು ಬೆಣ್ಣೆಯಲ್ಲಿ ಕೂದಲೆಳೆದ ಹಾಗೆ ತಿರುಗಿತು. ಮುಂದಿನ ತಿರುವುಗಳಲ್ಲಿ ಗದರಿಕೆ ಪಿಸುಮಾತಾಯಿತು, ಕೊನೆಯದರಲ್ಲಿ ಬೇಕೇ ಆಗಲಿಲ್ಲ. ಅಮಿತಾ ನಗುತ್ತಲೇ ಪಾಸು ಮಾಡಿದಳು.

ಲೈಸೆನ್ಸ್ ಕೈಗೆ ಬಂದ ಬೆಳಿಗ್ಗೆ ಪದ್ಮಾ ಮಗನಿಗೆ ಫೋನ್ ಮಾಡಿ, "ಕಾರು ಮಾರಲ್ಲ ಕಣೋ" ಎಂದಷ್ಟೇ ಹೇಳಿ ಇಟ್ಟರು. ಸೀರೆಯ ನೆರಿಗೆ ಸರಿಮಾಡಿಕೊಂಡು ಕೆಳಗಿಳಿದು ಮುಂದಿನ ಸೀಟಿನಲ್ಲಿ ಕೂತರು.

"ಎಲ್ಲಿಗೆ?" ಎಂದರು ಸಾಹೇಬರು.

"ಇನ್ನೂ ಯೋಚಿಸಿಲ್ಲ. ಚಲೋ, ಮೊದಲು ಗೇಟು ದಾಟಿ."