ಶಿಗ್ಗಾಂವಿಯಲ್ಲಿ ಆನೆಯ ಹಿಂಗಾಲು

ಹಾನಗಲ್ಲಿಗೆ ಹೊರಟಿದ್ದ ನಮ್ಮ ಬಸ್ಸು ಶಿಗ್ಗಾಂವಿಯ ಪೇಟೆಯಲ್ಲಿ ನಿಂತುಬಿಟ್ಟಿತು. ಎದುರಿಗೆ ಬಿದಿರು ಮತ್ತು ಹಳೆಯ ಸೀರೆಗಳಿಂದ ಕಟ್ಟಿದ ದೈತ್ಯ ಪ್ರಾಣಿಗಳ ಮೆರವಣಿಗೆ ಸಾಗಿತ್ತು. ಮಹಡಿಯೆತ್ತರದ ನವಿಲು, ಎರಡು ತಲೆಯ ಹುಲಿ ದಾಟಿಹೋದವು. ಅವುಗಳ ಹಿಂದೆ ಬಂದ ಇಳಕಲ್ ಸೀರೆಯ ಆನೆ ಮಾತ್ರ ನಮ್ಮ ಬಸ್ಸಿನ ಮುಂದೆಯೇ ಕುಸಿದು ಕೂತಿತು. ಒಳಗಿದ್ದ ಇಬ್ಬರಲ್ಲಿ ಹಿಂಗಾಲಿನವನ ಪಾದ ಉಳುಕಿತ್ತು.

ಸೊಂಡಿಲಿನ ಕೆಳಗಿಂದ ಮುಂಗಾಲಿನವನ ಬೆವರಿದ ಮುಖ ಹೊರಬಂತು. "ಬಸ್ಸಿನ್ಯಾಗ ಯಾರರ ಹೆಜ್ಜಿ ಹಾಕಾವ್ರು ಅದಾರೇನ್ರಿ? ಹಿಂದ ಒಬ್ರು ಬೇಕಾಗ್ಯಾರ."

ನನ್ನ ಪಕ್ಕದಲ್ಲಿದ್ದ ಅಕ್ಕ ಎದ್ದು ನಿಂತಳು. ಭಾವ ತೀರಿಕೊಂಡ ಮೇಲೆ ಮದುವೆ ಮನೆಗಳಲ್ಲೂ ಹಿಂದಿನ ಸಾಲಿನಲ್ಲೇ ಕೂರುತ್ತಿದ್ದವಳು ಅವಳು.

"ನಿನಗ್ಯಾಕ ಬೇಕು ಅಕ್ಕಾ? ಮಂದಿ ಏನಂದಾರು?" ಎಂದೆ.

"ಒಳಗ ಹೊಕ್ಕರ ಮಂದೀಗೆ ನಾ ಕಾಣೂದಿಲ್ಲಲ್ಲ," ಎಂದು ಸೆರಗು ಸಿಕ್ಕಿಸಿಕೊಂಡು ಇಳಿದೇಬಿಟ್ಟಳು.

ಹಲಗೆ ಮೊಳಗಿತು, ಆನೆ ಎದ್ದಿತು. ಮುಂಗಾಲುಗಳು ಗಂಭೀರವಾಗಿ ನಡೆದರೆ, ಹಿಂದಿನ ಅಕ್ಕನ ಕಾಲುಗಳು ಅದನ್ನು ಲೆಕ್ಕಿಸದೆ ಕುಣಿಯತೊಡಗಿದವು. ಆನೆಯ ಹಿಂಭಾಗ ಅತ್ತಿತ್ತ ತೂಗಿ, ಅದರ ಬಾಲ ಬಾಳೆಹಣ್ಣಿನ ಗಾಡಿಯವನ ಟೋಪಿಯನ್ನು ಹಾರಿಸಿತು. ಅವನು ನಕ್ಕ, ಅವನ ಹಿಂದೆ ಇಡೀ ಪೇಟೆಯೇ ನಕ್ಕಿತು. ಅಷ್ಟೂ ನಗುವಿನ ನಡುವೆ ಆನೆಯ ಹೊಟ್ಟೆಯೊಳಗಿಂದ ಅಕ್ಕನ ನಗು ಬೇರೆಯಾಗಿ ಕೇಳಿತು. ಅದನ್ನು ಕೇಳದೆ ಎಷ್ಟೋ ವರ್ಷಗಳಾಗಿದ್ದವು.

ರಸ್ತೆ ತೆರವಾಯಿತು. "ನಿಮ್ಮ ಅಕ್ಕಾರನ್ನ ಕರೀರಿ, ಬಸ್ ಬಿಡತೇವಿ," ಎಂದ ಕಂಡಕ್ಟರ್.

ಆನೆ ಆಗಲೇ ತಿರುವು ದಾಟುತ್ತಿತ್ತು.

"ನೀವು ಹೋಗ್ರಿ," ಎಂದು ನಾನು ಎರಡೂ ಚೀಲ ಹೊತ್ತು ಅದರ ಹಿಂದೆ ಓಡಿದೆ.