ಬೂದುಗುಂಬಳ ಒಡೆದ ಸಿ.ಡಿ. ಅಂಗಡಿಯವಳು

ಹಲ್ಲುಸೆಟ್ಟು ತೆಗೆದಿಟ್ಟು, ಬೊಚ್ಚುಬಾಯಿ ಬಿಟ್ಟುಕೊಂಡು ಬಂದೂಕಿನ ಕಾರ್ಟೂನು ನೋಡಿದ್ದೀರಾ? ಇಲ್ಲ ತಾನೇ? ಹಾಗಾದರೆ ಮಾರತ್ತಹಳ್ಳಿಯ ನಮ್ಮ ಬೀದಿಯ ಸಿ.ಡಿ. ಅಂಗಡಿಯವಳು ನಿಮಗೆ ಗೊತ್ತಿಲ್ಲ. ಬಲಗೈ ತೋರುಬೆರಳಿಗೆ ಸಿ.ಡಿ. ಸಿಕ್ಕಿಸಿ ಗಿರ್ರನೆ ತಿರುಗಿಸುತ್ತಾ ಮಾತಾಡುವವಳು. ಎದುರಿಗಿದ್ದವರು ಬಂದ ಕೆಲಸ ಮರೆತು ಆ ಬೆರಳನ್ನೇ ನೋಡುತ್ತಿದ್ದರು.

ಪಿ.ಜಿ. ಹುಡುಗರು ಕೆಲಸಕ್ಕೆ ಹೋದ ಮೇಲೆ ಮಧ್ಯಾಹ್ನ ಅಂಗಡಿ ಖಾಲಿ. ಆಗ ನಾನು ಹೋಗಿ ಸ್ಟೂಲಿನ ಮೇಲೆ ಕೂರುತ್ತಿದ್ದೆ. ಮನೆಯಲ್ಲಿ ಸೊಸೆ ನನಗೆಂದು ಭಜನೆ ಚಾನೆಲ್ ಹಾಕಿಡುತ್ತಿದ್ದಳು. ಇಲ್ಲಿ ಜಪಾನಿನವರ ಕಾರ್ಟೂನ್ ಸೀರಿಯಲ್ಲು. ಇಬ್ಬರು ಹುಡುಗಿಯರು, ಒಂದು ಹಳೇ ಲಾರಿ, ಮುಗಿಯದ ಮರಳುಗಾಡು. ಪೆಟ್ರೋಲ್ ಬಂಕಿಗೊಬ್ಬ ಟೋಪಿಯವನು ಅಡ್ಡ ನಿಂತು ಲಾರಿಯ ಕೀ ಕೇಳುತ್ತಾನೆ, ಇವರು ಸೊಂಟದ ಬಂದೂಕಿಗೆ ಕೈ ಹಾಕುತ್ತಾರೆ. ಅವರ ಮಾತು ನಮ್ಮಿಬ್ಬರಿಗೂ ತಿಳಿಯದು. ಅವಳೇ ಕನ್ನಡದಲ್ಲಿ ಹೇಳುತ್ತಿದ್ದಳು:

"ಕೀ ಬೇಕಂತೆ ಅಜ್ಜಿ ಇವ್ನಿಗೆ. ಇವ್ನಪ್ಪ ಕೊಡ್ಸಿದ್ನಾ ಲಾರಿ?"

ಆ ವರ್ಷವೇ ಅವಳ ಗಂಡ ತೀರಿಹೋದದ್ದು. ಗಂಡನ ಅಣ್ಣನಿಗೆ ಆ ಜಾಗದಲ್ಲಿ ಮೊಬೈಲ್ ಅಂಗಡಿ ಇಡುವ ಆಸೆ. ಆಯುಧಪೂಜೆಗೆ ಬೂದುಗುಂಬಳ ಒಡೆಯಬೇಕಾದವನು ಗಂಡಸು, ಒಡೆಯದ ಅಂಗಡಿಗೆ ಏಳಿಗೆಯಿಲ್ಲ, ನಾನೇ ಬಂದು ಒಡೆಯುತ್ತೇನೆ, ಆಮೇಲೆ ಬೀಗದ ಕೈ ನನ್ನ ಹತ್ತಿರ ಇರಲಿ ಎಂದು ಬೀದಿಗೆಲ್ಲ ಕೇಳುವಂತೆ ಹೇಳಿಹೋಗಿದ್ದ.

ಪೂಜೆಯ ದಿನ ಹೋದೆ. ಗೋಡೆಯ ಪೋಸ್ಟರಿನಲ್ಲಿ ಆ ಹುಡುಗಿಯರ ಬಂದೂಕುಗಳಿಗೆ ಕುಂಕುಮ ಹಚ್ಚಿ ಚೆಂಡುಹೂ ಸಿಕ್ಕಿಸಿದ್ದಳು. ಇಡೀ ಬೀದಿಯಲ್ಲಿ ನಿಜವಾಗಿ ಆಯುಧ ಇರುವ ಅಂಗಡಿ ತನ್ನದೊಂದೇ ಎಂದು ನಕ್ಕಳು. ನಗುತ್ತಲೇ ಕುಂಕುಮ ತುಂಬಿದ ಬೂದುಗುಂಬಳ ಕೈಗೆತ್ತಿಕೊಂಡಳು. ಆ ಭಾವ ಬಿಳಿ ಪಂಚೆಯುಟ್ಟು ಬಂದು ಬಾಗಿಲಲ್ಲಿ ಕೈ ಚಾಚಿದ.

"ಗಂಡ ಸತ್ತೋಳು ಒಡೀಬಾರ್ದು ಕಣಮ್ಮ. ಕೊಡಿಲ್ಲಿ."

ನಾನೂ ಗಂಡನನ್ನು ಕಳೆದುಕೊಂಡವಳೇ. ಎಷ್ಟೋ ಆಯುಧಪೂಜೆಗಳನ್ನು ಅಡುಗೆಮನೆ ಬಾಗಿಲಿನಿಂದಲೇ ನೋಡಿದವಳು. ಅವತ್ತು ಏನನ್ನಿಸಿತೋ, ಕಾಯಿ ಅವಳಿಂದ ಇಸಿದುಕೊಂಡೆ. ಮೇಲೆ ಕರ್ಪೂರ ಹಚ್ಚಿ, ಅಂಗಡಿಗೆ ನಿವಾಳಿಸಿ, ಅವಳ ಕೈಗೇ ವಾಪಸು ಕೊಟ್ಟೆ.

ಎತ್ತಿ ಹಾಕಿದಳು. ಒಡೆಯಲಿಲ್ಲ. ಉರುಳಿಕೊಂಡು ಹೋಗಿ ಭಾವನ ಚಪ್ಪಲಿಗೆ ತಾಗಿ ನಿಂತಿತು. ಆತ ನಕ್ಕ. ಅವಳು ಬಗ್ಗಿ ಕಾಯಿ ಎತ್ತಿಕೊಂಡಳು.

"ಸ್ವಲ್ಪ ಪಕ್ಕಕ್ ಹೋಗಿ ಭಾವ. ಪಂಚೆಗೆ ಕುಂಕುಮ ಸಿಡಿಯುತ್ತೆ."

ಆತ ಹೋಗಲಿಲ್ಲ. ಸಿಡಿಯಿತು, ಮೊಣಕಾಲಿನವರೆಗೂ. ಬೀಗದ ಕೈ ಅವಳ ಸೊಂಟದಲ್ಲೇ ಉಳಿಯಿತು.

ಜನ ಫೋನಿನಲ್ಲೇ ಸಿನಿಮಾ ನೋಡಲು ಶುರುಮಾಡುವವರೆಗೂ ಅಂಗಡಿ ನಡೆಯಿತು. ಹೋದ ವರ್ಷ ಅವಳೂ ತೀರಿಹೋದಳು, ನನಗಿಂತ ಎಷ್ಟೋ ಚಿಕ್ಕವಳು. ನಮ್ಮ ಮನೆಯ ಗಾಡಿಗಳಿಗೆ ಈಗ ಕುಂಬಳಕಾಯಿ ಒಡೆಯುವುದು ನಾನೇ. ಸೊಂಟ ಹಿಡಿದುಕೊಳ್ಳುತ್ತದೆ, ಆದರೂ ಬಿಟ್ಟುಕೊಟ್ಟಿಲ್ಲ.

ಅವಳು ಕುಂಬಳ ಒಡೆದ ದಿನ ಸಂಜೆ ಚೂರುಗಳನ್ನು ಗುಡಿಸುತ್ತಾ ಕೇಳಿದ್ದೆ, ಮುಂದಿನ ವರ್ಷವೂ ನಿನ್ನ ಭಾವ ಬಂದು ನಿಂತರೆ ಏನು ಮಾಡುತ್ತೀಯೆ ಎಂದು. ಅವಳು ಬೆರಳಿಗೆ ಸಿ.ಡಿ. ಸಿಕ್ಕಿಸಿ ತಿರುಗಿಸಿದಳು.

"ಬರ್ಲಿ ಬಿಡಜ್ಜಿ. ಆರತಿ ತಟ್ಟೆ ಹಿಡ್ಕೊಳ್ಳೋಕೆ ಒಬ್ರು ಬೇಕಲ್ಲ."