ಮೋಡವಿಲ್ಲದ ದಿನ ಏರಿದ ನೀರು

ಲಡಾಖಿನಿಂದ ಊರಿಗೆ ಬಂದ ಮೇಲೆ ಆಲ್ದೂರಿನಲ್ಲಿ ಎದುರಾದವರೆಲ್ಲ ನನ್ನನ್ನು ಮೊದಲು ಕೇಳಿದ್ದು ಒಂದೇ ಮಾತು: ‘ಜೋರು ಮಳೆ ಬಂದಿತ್ತಾ?’ ಇಲ್ಲ, ಮೋಡವೇ ಇರಲಿಲ್ಲ ಎಂದರೆ ಯಾರೂ ನಂಬುತ್ತಿರಲಿಲ್ಲ. ಮಳೆಯಿಲ್ಲದೆ ಹಳ್ಳ ಏರುವುದು ಹೇಗೆ? ಕೆಲವರು ನನ್ನ ಮುಖವನ್ನು ಸ್ವಲ್ಪ ಹೆಚ್ಚು ಹೊತ್ತೇ ನೋಡುತ್ತಿದ್ದರು. ಕುಡಿದಿದ್ದರೇನೋ ಎಂಬ ಅನುಮಾನ ಅವರದು. ನಾವು ಕುಡಿದಿರಲಿಲ್ಲ.

ನನ್ನ ಜೊತೆ ಹೋಗಿದ್ದ ಗೆಳೆಯನ ಹೆಂಡತಿ ಮಾತ್ರ ಮಳೆಯ ವಿಷಯ ಕೇಳಲಿಲ್ಲ. ನಾನು ಅವರ ಮನೆ ಮುಂದೆ ಚಪ್ಪಲಿ ಬಿಡುತ್ತಿರುವಾಗಲೇ ಬಾಗಿಲಲ್ಲಿ ನಿಂತು ಕೇಳಿದರು: ‘ಅವ್ರು ಹೋಗಿದ್ದು ನೀವು ಕಣ್ಣಾರೆ ನೋಡಿದ್ರಾ?’

‘ನೀರಲ್ಲಿ ಹೋಗಿದ್ದು ನೋಡಿದೆ.’

‘ಪ್ರಾಣ ಹೋಗಿದ್ದು?’

‘ಅದು ನೋಡ್ಲಿಲ್ಲ ಅತ್ತಿಗೆ.’

‘ಹಂಗಾರೆ ಯಾರೂ ಎಂತದೂ ಹೇಳ್ಬೇಡಿ’ ಎಂದು ಒಳಗೆ ಹೋದರು. ಕೈಯ ಬಳೆಗಳು ಹಾಗೇ ಇದ್ದವು.

ಅವನು ಬದುಕಿದ್ದಾನೋ ಇಲ್ಲವೋ ಎಂಬುದನ್ನು ಆ ಮನೆಯಲ್ಲಿ ತೀರ್ಮಾನಿಸುವವರು ಆಕೆಯೊಬ್ಬರೇ ಎಂದು ಅವತ್ತೇ ನನಗೆ ತಿಳಿಯಿತು. ಆಕೆಯ ಕೈಗೆ ಕೊಡಲು ನನ್ನ ಹತ್ತಿರ ಇದ್ದದ್ದು ನಾನು ಕಂಡದ್ದು ಮಾತ್ರ. ಅದನ್ನು ಕಂಡ ಹಾಗೆ ಬರೆಯುತ್ತೇನೆ.

ಅವನದು ಆಲ್ದೂರಿನಲ್ಲಿ ಪೈಪು, ಪಂಪು, ಸ್ಪ್ರಿಂಕ್ಲರುಗಳ ಅಂಗಡಿ. ಊರಾಚೆ ಅಣ್ಣನ ಜೊತೆ ಪಾಲಿನಲ್ಲಿ ಒಂದಿಷ್ಟು ಕಾಫಿ. ನನ್ನ ತೋಟ ಮೂಡಿಗೆರೆ ಕಡೆ. ಬೇಸಿಗೆಯಲ್ಲಿ ಕಾಫಿ ಹೂವಿಗೆ ನೀರು ಹಾರಿಸುವ ಕಾಲ ಬಂತೆಂದರೆ ನಾನು ಅವನ ಅಂಗಡಿಯಲ್ಲೇ ಇರುತ್ತಿದ್ದೆ. ಮಳೆಗಾಲದಲ್ಲಿ ಅವನಿಗೆ ವ್ಯಾಪಾರವಿಲ್ಲ. ಗಲ್ಲಾಪೆಟ್ಟಿಗೆಯ ಹಿಂದೆ ಸ್ವೆಟರ್ ಹಾಕಿಕೊಂಡು ಕೂತು, ರಸ್ತೆಯಲ್ಲಿ ಹರಿಯುವ ನೀರಿಗೆ ಬೈಯುತ್ತಿದ್ದ.

‘ಆಕಾಶದಿಂದ ಪುಕ್ಕಟೆ ಬೀಳ್ತಿರುವಾಗ ನನ್ನ ಪೈಪ್ ಯಾರು ತಗೊಳ್ತಾರೆ ಮಾರಾಯ? ಮಳೆನೇ ಬರದ ಊರು ಒಂದಾದ್ರೂ ನೋಡ್ಬೇಕು ನಾನು, ಸಾಯೋದ್ರೊಳಗೆ.’

ಹಾಗೆ ಅವನೇ ಹುಡುಕಿದ್ದು ಈ ಪ್ರವಾಸವನ್ನು. ಲಡಾಖಿನ ಒಂದು ಕಣಿವೆಯಲ್ಲಿ ಗೈಡ್ ಜೊತೆ ಕೆಲವು ದಿನ ನಡಿಗೆ, ಆಮೇಲೆ ದೊಡ್ಡ ನದಿಯಲ್ಲಿ ರಬ್ಬರ್ ದೋಣಿಯಲ್ಲಿ ಕೆಳಗಿಳಿದು ಬರುವುದು. ಆಷಾಢದಲ್ಲಿ ನನಗೂ ತೋಟದಲ್ಲಿ ಅಂಥ ಕೆಲಸವಿರಲಿಲ್ಲ. ಹೊರಟೆವು.

ಅಲ್ಲಿ ಮರವಿಲ್ಲ. ಹುಲ್ಲಿದ್ದದ್ದು ನೀರಿನ ಅಂಚಿನಲ್ಲಿ ಮಾತ್ರ. ಬೆಟ್ಟಗಳು ಒಣಗಿ, ಬಿರಿದು, ಬುಡಕ್ಕೆ ಜಾರಿದ ಜಲ್ಲಿಯ ರಾಶಿಗಳಾಗಿ ನಿಂತಿದ್ದವು. ಅವನು ಮೊದಲ ದಿನ ಸೊಂಟದ ಮೇಲೆ ಕೈಯಿಟ್ಟುಕೊಂಡು ಸುತ್ತ ನೋಡಿ, ‘ಇಡೀ ಬೆಟ್ಟವೇ ಕಣ ಅಲ್ವಾ ಮಾರಾಯ! ಇಲ್ಲಿ ಪಾರ್ಚ್‌ಮೆಂಟ್ ಕಾಫಿ ಹರವಿದ್ರೆ ಸಂಜೆಗೆ ಒಣಗಿ ಕಟಕಟ ಅನ್ನತ್ತೆ. ಕಾವಲೂ ಬೇಡ, ಕದಿಯೋಕೆ ಇಲ್ಲಿ ಯಾರಿದಾರೆ’ ಎಂದ. ಜೊತೆಗಿದ್ದ ಬೇರೆ ಊರಿನ ನಾಲ್ಕು ಜನಕ್ಕೆ ಕನ್ನಡ ಬಾರದು. ಅವನು ನಕ್ಕ ರೀತಿಗೆ ಅವರೂ ನಕ್ಕರು.

ಗೈಡ್ ಅದೇ ಕಣಿವೆಯವನು, ನಮ್ಮದೇ ವಯಸ್ಸು, ಮಾತು ಕಡಿಮೆ. ಹಿಂದಿಯಲ್ಲಿ ಅವನು ದಿನವೂ ಹೇಳುತ್ತಿದ್ದದ್ದು ಎರಡೇ ವಿಷಯ. ಹಳ್ಳಗಳನ್ನು ಬೆಳಿಗ್ಗೆಯೇ ದಾಟಬೇಕು. ದಾಟುವಾಗ ಶೂ ಬಿಚ್ಚಬಾರದು. ಕಾರಣವನ್ನೂ ಹೇಳಿದ್ದ. ಬಿಸಿಲೇರಿದ ಹಾಗೆ ಮೇಲಿನ ಹಿಮ ಕರಗುತ್ತದೆ. ಬೆಳಿಗ್ಗೆ ಪಾದ ಮುಳುಗುವ ನೀರು ಮಧ್ಯಾಹ್ನಕ್ಕೆ ಸೊಂಟಕ್ಕೆ ಬರುತ್ತದೆ. ಬಿಸಿಲು ಚೆನ್ನಾಗಿದ್ದಷ್ಟೂ ನೀರು ಹೆಚ್ಚು. ನಾವಿಬ್ಬರೂ ತಲೆಯಾಡಿಸಿದ್ದೆವು. ಅವನ ಮಾತು ಅರ್ಥವಾಗಿರಲಿಲ್ಲ ಎಂದಲ್ಲ.

ಕೊನೆಯ ನಡಿಗೆಯ ದಿನ ಬೆಳಿಗ್ಗೆ ಎದ್ದಾಗ ಸಾಮಾನು ಹೊರುವ ಕುದುರೆಗಳು ಇರಲಿಲ್ಲ. ಹುಲ್ಲು ಹುಡುಕಿಕೊಂಡು ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿದ್ದವು. ಅವನ್ನು ಹಿಡಿದು ತಂದು, ಹೇರಿ, ಹೊರಡುವಷ್ಟರಲ್ಲಿ ಬಿಸಿಲು ನೆತ್ತಿಗೆ ಬರುತ್ತಿತ್ತು. ಹಳ್ಳ ಸಿಕ್ಕಿದ್ದು ಮಧ್ಯಾಹ್ನ ಬಾಗಿದ ಮೇಲೆ. ಅದು ದೊಡ್ಡ ನದಿಗೆ ಸೇರುವ ಜಾಗ ಅಲ್ಲಿಗೇ ಕಾಣುತ್ತಿತ್ತು. ಆಚೆ ದಡದಲ್ಲಿ ನಮ್ಮ ದೋಣಿಗಳು, ನೀಲಿ ಟೆಂಟುಗಳು, ಒಲೆಯ ಹೊಗೆ. ಲೈಫ್ ಜಾಕೆಟ್ಟುಗಳನ್ನು ಅಲ್ಲಿ ಹಗ್ಗದ ಮೇಲೆ ಸಾಲಾಗಿ ಹರವಿದ್ದರು.

ಗೈಡ್ ನೀರನ್ನು ನೋಡಿ ತಲೆ ಅಲ್ಲಾಡಿಸಿದ. ಇವತ್ತಿಲ್ಲ, ಈಚೆಯೇ ಉಳಿಯೋಣ, ಬೆಳಿಗ್ಗೆ ದಾಟೋಣ ಎಂದ.

‘ಎಂಥ ನಾಳೆ?’ ಎಂದ ಗೆಳೆಯ ನನ್ನ ಕಡೆ ತಿರುಗಿ. ‘ಅನ್ನ ಆಚೆ ಕಡೆ, ನಾವು ಈಚೆ ಕಡೆ. ರಾತ್ರಿಗೆ ಕಲ್ಲು ಕಡಿಯೋದಾ?’

‘ಅವ್ರು ಬೇಡ ಅಂತಿದಾರಲ್ಲ, ಕೂತ್ಕೊ.’

‘ಮೇಲೆ ನೋಡು ಮಾರಾಯ. ಒಂದು ಚೂರು ಹತ್ತಿಯಷ್ಟು ಮೋಡ ಇದೆಯಾ? ನಮ್ಮ ತೋಟದ ಹಳ್ಳ ಇದರಪ್ಪನ ಹಾಗಿರತ್ತೆ.’

ನಾನೂ ಮೇಲೆ ನೋಡಿದೆ. ಅದನ್ನು ಬರೆಯಬೇಕು. ನಮ್ಮ ಕಡೆ ಶಾಲೆಗೆ ಹೋಗುವ ಕಾಲದಿಂದ ಕಲಿತದ್ದು ಅದು. ಹಳ್ಳದ ದಡಕ್ಕೆ ಬಂದರೆ ಮೊದಲು ನೋಡುವುದು ನೀರನ್ನಲ್ಲ, ಮೇಲಿನ ಗುಡ್ಡವನ್ನು. ಗುಡ್ಡ ಕಪ್ಪಾಗಿದ್ದರೆ ನಿಲ್ಲುತ್ತೇವೆ, ತಿಳಿಯಾಗಿದ್ದರೆ ದಾಟುತ್ತೇವೆ. ಆಮೇಲೆ ಬಣ್ಣ. ಏರುವ ನೀರು ನಮ್ಮಲ್ಲಿ ಕೆಂಪಗಿರುತ್ತದೆ. ಆ ಹಳ್ಳ ಸಿಮೆಂಟು ತೊಳೆದ ನೀರಿನ ಬಣ್ಣಕ್ಕಿತ್ತು. ಕೆಂಪಾಗದ ನೀರಿಗೆ ಹೆದರುವುದು ನಮ್ಮ ಮೈಗೆ ಗೊತ್ತಿರಲಿಲ್ಲ. ಗೈಡ್ ಹೇಳಿದ್ದು ಕಿವಿಯಲ್ಲೇ ನಿಂತಿತ್ತು.

ಗೈಡ್ ಕುದುರೆಗಳ ಹೇರು ಇಳಿಸಲು ಹಿಂದೆ ಹೋದ. ಗೆಳೆಯ ಮುಖ ತೊಳೆಯುತ್ತೇನೆ ಎಂದು ದಡಕ್ಕೆ ಇಳಿದ. ತೊಳೆದ. ಆಮೇಲೆ ಒಂದು ಕಲ್ಲಿನ ಮೇಲೆ ಕೂತು ಶೂ ಬಿಚ್ಚಿದ, ಎರಡರ ಲೇಸನ್ನೂ ಗಂಟು ಹಾಕಿ ಕುತ್ತಿಗೆಗೆ ತೂಗಿಬಿಟ್ಟುಕೊಂಡ, ಪ್ಯಾಂಟನ್ನು ಮೊಣಕಾಲಿಗೆ ಮಡಚಿದ. ನಮ್ಮಲ್ಲಿ ಎಲ್ಲರೂ ಹಳ್ಳ ದಾಟುವುದು ಹಾಗೆಯೇ. ಬರಿಗಾಲಾದರೆ ಕಲ್ಲು ಅಲ್ಲಾಡುವುದು ತಿಳಿಯುತ್ತದೆ, ಪಾಚಿ ತಿಳಿಯುತ್ತದೆ, ಗುಂಡಿ ತಿಳಿಯುತ್ತದೆ. ಆದರೆ ಅದು ಹಿಮದ ನೀರು. ಅದರಲ್ಲಿ ನಾಲ್ಕು ಹೆಜ್ಜೆ ಇಡುವುದರೊಳಗೆ ಕಾಲು ಇದೆಯೆಂಬುದೇ ತಿಳಿಯುವುದಿಲ್ಲ. ಇದು ನನಗೆ ಗೊತ್ತಾದದ್ದು ಆಮೇಲೆ, ಅವನ ಹಿಂದೆ ನಾನೂ ಇಳಿದಾಗ.

ಅವನು ನೀರಿಗೆ ಇಳಿದದ್ದು ಕಂಡು ನಾನು ಹೆಸರು ಹಿಡಿದು ಕೂಗಿದೆ. ನನ್ನ ಕೂಗು ಕೇಳಿ ಗೈಡೂ ಓಡಿಬಂದು ಕೂಗಿದ. ಗೆಳೆಯ ಹಳ್ಳದ ನಡುವೆ ನಿಂತು ನಮ್ಮ ಕಡೆ ತಿರುಗಿದ. ನೀರು ಅವನ ತೊಡೆಯವರೆಗೆ ಇತ್ತು. ಏನೋ ಹೇಳಿದ, ನಗುತ್ತಿದ್ದ. ನೀರಿನಡಿ ಕಲ್ಲುಗಳು ಉರುಳಿ ಒಂದಕ್ಕೊಂದು ಬಡಿಯುವ ಸದ್ದಿನಲ್ಲಿ ಮಾತು ಕೇಳಲಿಲ್ಲ. ಮತ್ತೆ ತಿರುಗಿ ಒಂದು ಹೆಜ್ಜೆ ಇಟ್ಟ. ಬಿದ್ದ ಹಾಗೆ ಕಾಣಲಿಲ್ಲ, ಮೆಲ್ಲಗೆ ಕೂತ ಹಾಗೆ ಕಂಡಿತು. ನೀರು ಅವನ ಹೆಗಲ ಮೇಲೆ ಬಂತು. ಒಂದು ತೋಳು ಕಂಡಿತು. ಹಳ್ಳ ಅವನನ್ನು ನದಿಗೆ ತೆಗೆದುಕೊಂಡು ಹೋಯಿತು. ನದಿಯ ತಿರುವಿನಲ್ಲಿ ಕಪ್ಪಗೆ ಏನೋ ಒಮ್ಮೆ ಎದ್ದು ಹೋಯಿತು. ಅದು ಅವನ ತಲೆಯೋ, ಶೂವೋ, ಕಲ್ಲೋ ನಾನು ಹೇಳಲಾರೆ.

ನಾನು ನೀರಿಗಿಳಿದಿದ್ದೆ. ಗೈಡ್ ನನ್ನ ಬೆನ್ನಚೀಲ ಹಿಡಿದು ಹಿಂದಕ್ಕೆ ಎಳೆದ. ಆಚೆ ದಡದವರು ಆಗಲೇ ದೋಣಿ ತಳ್ಳುತ್ತಿದ್ದರು. ಕತ್ತಲಾಗುವವರೆಗೆ ಹುಡುಕಿ ಬಂದರು. ಒಂದು ಶೂ ಸಿಕ್ಕಿತ್ತು.

ಆ ಕಣಿವೆಯಿಂದ ಹೊರಗೆ ಬರಲು ಹತ್ತಿರದ ದಾರಿ ನದಿಯೇ. ಹಾಗಾಗಿ ನಾವು ಬಂದ ಪ್ರವಾಸವನ್ನು ಪೂರ್ತಿ ಮಾಡಿದೆವು. ಮರುದಿನ ಬೆಳಿಗ್ಗೆ ನೀರು ಇಳಿದಾಗ ಹಳ್ಳ ದಾಟಿ, ಲೈಫ್ ಜಾಕೆಟ್ ಹಾಕಿ, ಹೆಲ್ಮೆಟ್ ಹಾಕಿ, ಹುಟ್ಟು ಹಿಡಿದು ದೋಣಿಯಲ್ಲಿ ಕೂತೆ. ನನ್ನ ಎದುರು ಬದಿಯಲ್ಲಿ ಅವನು ಕೂರಬೇಕಿತ್ತು. ತೂಕ ಸರಿಯಾಗದಿದ್ದರೆ ದೋಣಿ ಒಂದು ಕಡೆಗೆ ವಾಲುತ್ತದೆ ಎಂದು ದೋಣಿಯವರು ಎರಡು ಚೀಲಗಳಿಗೆ ಕಲ್ಲು ತುಂಬಿ ಅವನ ಜಾಗದಲ್ಲಿ ಕಟ್ಟಿದರು. ಒಂದು ಸಾಲದೆ ಎರಡು. ಅವನು ದಪ್ಪ ಮನುಷ್ಯ. ನಾನು ಎಡದಂಡೆ ನೋಡುತ್ತಿದ್ದೆ, ಗೈಡ್ ಬಲದಂಡೆ. ಬಂಡೆ ಎರಡೂ ಕಡೆ ಗೋಡೆಯ ಹಾಗೆ ಎದ್ದಿತ್ತು. ನೀರು ಎತ್ತಿ ಎಸೆಯುವ ಜಾಗಗಳಲ್ಲಿ ಹುಟ್ಟು ಹಾಕಿ ಎಂದು ಕೂಗುತ್ತಿದ್ದರು, ಎಲ್ಲರೂ ಹಾಕುತ್ತಿದ್ದೆವು. ಆ ಹೊತ್ತಿನಲ್ಲಿ ದಂಡೆ ನೋಡಲು ಆಗುತ್ತಿರಲಿಲ್ಲ. ಅಂಥ ಜಾಗಗಳಲ್ಲೇ ಅವನು ಇದ್ದಿರಬಹುದು ಎಂದು ದಾಟಿದ ಮೇಲೆ ಪ್ರತಿ ಸಲವೂ ಅನ್ನಿಸುತ್ತಿತ್ತು.

ಅವನ ಅಣ್ಣ ವಿಮಾನದಲ್ಲಿ ಬಂದು, ನಾವು ದೋಣಿಯಿಂದ ಇಳಿದ ಊರಿನಲ್ಲಿ ನಮ್ಮನ್ನು ಸೇರಿಕೊಂಡರು. ಪೊಲೀಸರು ನನ್ನಿಂದ ಬರೆಸಿಕೊಂಡ ಮೇಲೆ ಅಣ್ಣ ಹೊರಗೆ ನಿಂತು ಕೇಳಿದರು: ‘ಗೈಡ್ ತಡೀಲಿಲ್ಲ ಅಂತ ಬರ್ಸಿದ್ಯಾ?’

‘ತಡೆದ್ರು ಅಣ್ಣ. ಎರಡು ಸಲ ಹೇಳಿದ್ರು.’

‘ಒಂದು ಮಾತು ನಮ್ಮ ಕಡೆ ಹೇಳಕ್ಕಾಗ್ಲಿಲ್ಲ ನಿಂಗೆ’ ಎಂದರು.

ಅತ್ತಿಗೆಯ ತವರು ಕಳಸ. ಭದ್ರಾ ಹೊಳೆಯ ಪಕ್ಕದಲ್ಲಿ ಬೆಳೆದವರು. ನಾನು ಎರಡನೇ ಸಲ ಹೋದಾಗ ಒಳಗೆ ಕರೆದು ಕೂರಿಸಿದರು. ‘ನಮ್ಮ ಹೊಳೇಲಿ ಹೋದೋರು ಎರಡು ಮೂರು ದಿನಕ್ಕೆ ಮೇಲೆ ಬರ್ತಾರೆ. ನಾನು ಸಣ್ಣೋಳಿದ್ದಾಗ ನೋಡಿದೀನಿ. ಇವ್ರು ಇಷ್ಟು ದಿನ ಆದ್ರೂ ಮೇಲೆ ಬಂದಿಲ್ಲ ಅಂದ್ರೆ ನೀರಲ್ಲಿ ಇಲ್ಲ ಅಂತ ಅಲ್ವಾ? ಎಲ್ಲೋ ದಡ ಹತ್ತಿರಬೇಕು. ಯಾರೋ ಕುರಿಯೋರು ಮನೇಲಿಟ್ಕಂಡಿರಬೇಕು. ಅಲ್ಲಿ ಫೋನ್ ಸಿಗಲ್ಲ ಅಂತೀರಲ್ಲ.’

ಆ ಲೆಕ್ಕ ತಪ್ಪಾಗಿರಲಿಲ್ಲ, ನೀರು ಬೇರೆ ಅಷ್ಟೆ. ಅಷ್ಟು ತಣ್ಣಗಿನ ನೀರಿನಲ್ಲಿ ದೇಹ ಉಬ್ಬುವುದಿಲ್ಲ, ಅದಕ್ಕೇ ಮೇಲೆ ಬರುವುದೂ ಇಲ್ಲ ಎಂದು ಗೈಡ್ ನನಗೆ ಹೇಳಿದ್ದ. ಅದನ್ನು ಆಕೆಗೆ ಹೇಳಲು ಬಾಯಿ ತೆರೆದೆ. ಕಾಫಿ ಲೋಟ ನನ್ನ ಮುಂದಿಟ್ಟು, ‘ಸಕ್ಕರೆ ಸಾಕಾ’ ಎಂದರು. ಸಾಕು ಎಂದೆ.

ಶ್ರಾವಣ ಮುಗಿಯುತ್ತಾ ಬಂತು. ಗೌರಿ ಹಬ್ಬದೊಳಗೆ ಏನಾದರೂ ಒಂದು ಆಗಬೇಕು, ಮನೆಯನ್ನು ಹೀಗೆ ನಡುವೆ ನಿಲ್ಲಿಸಲು ಬರುವುದಿಲ್ಲ ಎಂದು ಅಣ್ಣ ಪಟ್ಟು ಹಿಡಿದರು. ಅವರದು ಲಿಂಗ ಕಟ್ಟುವ ಮನೆತನ. ಸುಡುವುದಿಲ್ಲ, ಸತ್ತವರನ್ನು ಕೂರಿಸಿ, ಅವರ ಲಿಂಗವನ್ನು ಅಂಗೈಯಲ್ಲಿಟ್ಟು ಮಣ್ಣು ಮಾಡುತ್ತಾರೆ. ಕೂರಿಸಲು ಅವನಿರಲಿಲ್ಲ. ಲಿಂಗ ಇತ್ತು. ಹೊರಡುವ ಬೆಳಿಗ್ಗೆ ಅತ್ತಿಗೆಯೇ ಅವನ ಕೊರಳಿಂದ ತೆಗೆಸಿ ದೇವರ ಮನೆಯಲ್ಲಿ ಇಡಿಸಿದ್ದರಂತೆ, ನೀರಾಟಕ್ಕೆ ಹೋಗುವವರು ಎಲ್ಲಾದರೂ ಕಳೆದುಕೊಂಡಾರು ಎಂದು. ಆ ಲಿಂಗವನ್ನೇ ಸಮಾಧಿ ಮಾಡಬಹುದು ಎಂದು ಮನೆಗೆ ಪೂಜೆಗೆ ಬರುವ ಅಯ್ಯನವರು ಹೇಳಿದರು.

ತೋಟದಲ್ಲಿ ಅವರ ತಂದೆಯ ಸಮಾಧಿ ಪಕ್ಕ ಗುಂಡಿ ತೆಗೆದಿದ್ದರು. ಆಗ ನೆಲದಲ್ಲಿ ಎಲ್ಲಿ ಅಗೆದರೂ ಜಲ. ತೋಟದ ಇಬ್ಬರು ಆಳುಗಳು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ನೀರು ಎತ್ತಿ ಹೊರಗೆ ಚೆಲ್ಲುತ್ತಿದ್ದರು. ಚೆಲ್ಲಿದಷ್ಟೂ ಗೋಡೆಯಿಂದ ಒಸರುತ್ತಿತ್ತು. ‘ಇನ್ನೂ ಬರ್ತಾನೇ ಇದೆ ಅಯ್ಯಾ’ ಎಂದ ಒಬ್ಬ, ಅಣ್ಣನ ಕಡೆ ನೋಡಿ. ‘ತೆಗೀತಾ ಇರು’ ಎಂದರು ಅಣ್ಣ.

ಅತ್ತಿಗೆ ಬಂದರು. ಲಿಂಗವಿದ್ದ ಬೆಳ್ಳಿಯ ಕರಡಿಗೆ ಮುಷ್ಟಿಯಲ್ಲಿತ್ತು, ಅದರ ದಾರ ಬೆರಳುಗಳ ನಡುವಿನಿಂದ ಇಳಿಬಿದ್ದಿತ್ತು. ಅಯ್ಯನವರು ಕೈ ಚಾಚಿದರು. ಆಕೆ ಕೊಡಲಿಲ್ಲ.

‘ಕೊಡಮ್ಮ’ ಎಂದರು ಅಣ್ಣ. ‘ಕೊಡು. ಎಲ್ಲ ಕಾಯ್ತಿದಾರೆ.’

‘ನಾಳೆ ಅವ್ರು ಬಂದು, ಎಲ್ಲೇ ನನ್ನ ಲಿಂಗ ಅಂತ ಕೇಳಿದ್ರೆ ನಾನು ಎಂತ ಹೇಳ್ಲಿ ಭಾವ?’

ಆಕೆ ಸುತ್ತ ನೋಡಿ, ಜನರ ಹಿಂದೆ ನಿಂತಿದ್ದ ನನ್ನ ಹತ್ತಿರ ಬಂದರು.

‘ನೀವು ಅಲ್ಲಿದ್ದೋರು. ಬೇರೆಯೋರ ಮಾತು ನಂಗೆ ಬೇಡ. ನೀವು ಹೇಳಿ.’

ಪೊಲೀಸರಿಗೆ, ಅಣ್ಣನಿಗೆ, ಆಲ್ದೂರಿನವರಿಗೆ, ಆಕೆಗೆ ನಾನು ಅಲ್ಲಿಯವರೆಗೆ ಹೇಳಿದ್ದೆಲ್ಲ ತಿರುವಿನವರೆಗಿನದು. ತಿರುವಿನ ಆಚೆಯದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅದನ್ನೇ ಮತ್ತೊಮ್ಮೆ ಹೇಳಿದ್ದರೆ ಆಕೆ ಕರಡಿಗೆಯನ್ನು ವಾಪಸ್ ದೇವರ ಮನೆಗೆ ಒಯ್ಯುತ್ತಿದ್ದರು. ದಿನವೂ ಅದರ ಮುಂದೆ ಕೂತು ಬಾಗಿಲ ಕಡೆ ಕಿವಿಯಿಟ್ಟಿರುತ್ತಿದ್ದರು. ಎಷ್ಟು ವರ್ಷ ಬೇಕಾದರೂ.

‘ಅವ್ನು ಇಲ್ಲ ಅತ್ತಿಗೆ’ ಎಂದೆ. ‘ಬರಲ್ಲ.’

ಆಕೆ ಅಳಲಿಲ್ಲ. ನನ್ನ ಬಲಗೈ ಹಿಡಿದು, ಬಿಡಿಸಿ, ಕರಡಿಗೆಯನ್ನು ಅದರಲ್ಲಿಟ್ಟರು. ಅದು ಆಕೆಯ ಮುಷ್ಟಿಯ ಬಿಸಿಗೆ ಬೆಚ್ಚಗಿತ್ತು.

‘ಇವ್ರು ನಮ್ಮೋರಲ್ಲ’ ಎಂದು ಯಾರೋ ಗೊಣಗಿದರು.

‘ಹೇಳಿದೋರೇ ಇಡ್ಲಿ’ ಎಂದರು ಅತ್ತಿಗೆ.

ಅಯ್ಯನವರು ಆಗಲಿ ಎಂದು ಕಣ್ಣಿನಲ್ಲೇ ಹೇಳಿದರು. ನಾನು ಗುಂಡಿಗೆ ಇಳಿದೆ. ಕೆಸರು ನೀರು ಮೀನಖಂಡದವರೆಗೆ ಬಂತು. ಗೋಡೆಯಲ್ಲಿ ಕೊರೆದಿದ್ದ ಗೂಡು ಎಲ್ಲಿದೆ ಎಂದು ಅಯ್ಯನವರು ಮೇಲಿಂದ ತೋರಿಸಿದರು. ಅದರೊಳಗೆ ವಿಭೂತಿ, ಬಿಲ್ವಪತ್ರೆ ಮೊದಲೇ ಇಟ್ಟಿದ್ದರು. ಕರಡಿಗೆಯನ್ನು ಒಳಗಿಟ್ಟೆ, ದಾರವನ್ನು ಸುತ್ತಿ ಅದರ ಮೇಲಿಟ್ಟೆ, ಕೈ ಹಿಂದಕ್ಕೆ ತೆಗೆದೆ.

ಮೇಲೆ ಹತ್ತಲು ಅಣ್ಣ ಕೈ ಕೊಟ್ಟರು. ನಾನು ದಡದಲ್ಲಿ ನಿಂತು ನೋಡುವಾಗ ಅತ್ತಿಗೆ ಆಗಲೇ ತಿರುಗಿ ಕಾಫಿ ಗಿಡಗಳ ನಡುವೆ ಮನೆ ಕಡೆ ಹೋಗುತ್ತಿದ್ದರು. ಅಲ್ಲಿಂದೀಚೆಗೆ ಅವರು ನನ್ನ ಜೊತೆ ಮಾತಾಡಿಲ್ಲ.